ಅಜ್ಜನ ಕಣ್ಣಿನ ವಾರಸುದಾರ

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ತಿಂಗಳು, ಚಿಂತಾಕಿಯ ದತ್ತಾತ್ರಿ ಮತ್ತು ಅವನ ತಮ್ಮ ಮಚ್ಛೇಂದ್ರ ಬಸ್ ಡ್ರೈವರ್ ಕೆಲಸಕ್ಕೆಂದು ಬೀದರಿನ ಒಂದು ಕಚೇರಿಗೆ ಹೋದರು. ಕಣ್ಣಿನ ಪರೀಕ್ಷೆ ಆಗಬೇಕಿತ್ತು. ಬಣ್ಣ ತೋರಿಸುವ ಪುಸ್ತಕ ಹೈದರಾಬಾದಿನಲ್ಲಿ ಉಳಿದಿತ್ತು. ಅದು ಯಾವ ರಾಜ್ಯದ್ದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಆದ್ದರಿಂದ ಮೈಸೂರಿನಿಂದ ಬಂದ ಡಾಕ್ಟರು ಮನೆತನ ವಿಚಾರಿಸಿದರು.

ತಾಯಿ ಕೌಸಲ್ಯಾಬಾಯಿ ಜೊತೆಗೇ ಬಂದಿದ್ದಳು.

"ನಮ್ಮಪ್ಪಗ ಕೆಂಪು ಹಸರು ಎರಡೂ ಒಂದೇ ರಿ ಸಾಹೇಬ್ರ. ಬಾರಿಹಣ್ಣಿನ ಗಿಡದಾಗ ಕಾಯಿನೇ ಹಣ್ಣಂತ ಹರಕೊಂಡು ಬರ್ತಿದ್ದ."

ಡಾಕ್ಟರು ಹೇಳಿದರು: "ಇದು ತಾಯಿ ಕಡೆಯಿಂದ ಬರುತ್ತೆ. ಒಬ್ಬೊಬ್ಬ ಮಗನಿಗೂ ಅರ್ಧ ಸಂಭವ. ಇಬ್ಬರಿಗೂ ಬಂದಿರಬಹುದು, ಇಬ್ಬರಿಗೂ ಬಾರದೆ ಇರಬಹುದು."

ಗುಮಾಸ್ತ ಗುಲಾಮ ರಸೂಲ ಅರ್ಧಕ್ಕೆ ಅರ್ಧ ಕೂಡಿಸಿದ. ಒಂದಾಯಿತು. ಇಬ್ಬರಲ್ಲಿ ಒಬ್ಬ ಬಣ್ಣಗುರುಡನೆಂದು ಕಚೇರಿ ಪ್ರಕಟಿಸಿತು. ಯಾರೆಂಬುದನ್ನು ಮನೆಯವರು ಪರಸ್ಪರ ಒಪ್ಪಿಗೆಯಿಂದ ತಿಳಿಸತಕ್ಕದ್ದು. ಅವನಿಗೆ ಕಂಡಕ್ಟರ್ ಕೆಲಸ, ಉಳಿದವನಿಗೆ ಡ್ರೈವರ್ ಕೆಲಸ.

ದತ್ತಾತ್ರಿ ಅಂಗಳದಲ್ಲಿ ನಿಂತ ಬಸ್ಸಿಗೆ ಕಟ್ಟಿದ್ದ ಬಾವುಟ ತೋರಿಸಿದ. "ಅದು ಕೆಂಪದ. ನನಗ ಕಾಣ್ತದ. ತಮ್ಮಗ ಕೇಳ್ರಿ."

"ಬಾವುಟ ತೋರಿಸಿ ಕೇಳೋದು ಕಾಯ್ದೇದಾಗ ಇಲ್ಲ," ಎಂದ ಗುಲಾಮ ರಸೂಲ. "ಪುಸ್ತಕ ಬರಬೇಕು, ಇಲ್ಲಾ ಒಪ್ಪಿಗಿ ಬರಬೇಕು."

"ಪುಸ್ತಕ ಯಾವಾಗ ಬರ್ತದ್ರಿ?"

"ರಾಜ್ಯದವರು ಹಂಚಿಕೊಂಡ ಮ್ಯಾಲ."

ಕೌಸಲ್ಯಾಬಾಯಿ ತೀರ್ಪು ಕೊಟ್ಟಳು. "ನಮ್ಮಪ್ಪಗ ಗಂಡುಮಕ್ಕಳಿರಲಿಲ್ಲ. ಕೊಳ್ಳಿ ಇಟ್ಟಾಂವ ನೀನು, ದತ್ತಾ. ಅವನ ಹೊಲ ನೀ ತಗೊಂಡಿ. ಕಣ್ಣೂ ನಿಂದೇ. ಕಣ್ಣು ಬ್ಯಾಡಂದ್ರ ಹೊಲಾನೂ ಬಿಡು."

"ಹೊಲ ತಗೊಳ್ಳುವಾಗ ಸುಮ್ಮನಿದ್ದಿ ಅಣ್ಣಾ," ಎಂದ ಮಚ್ಛೇಂದ್ರ. "ಈಗೂ ಸುಮ್ಮನಿರು."

"ನಿನ್ನ ಅಂಗಿ ಯಾವ ಬಣ್ಣ, ಹೇಳು."

"ಛಲೋ ಬಣ್ಣ."

ದತ್ತಾತ್ರಿ ಹೊಲ ಉಳಿಸಿಕೊಂಡ. ಬಣ್ಣಗುರುಡನಾದ.

ಔರಾದದಿಂದ ಹೊರಟ ಮೊದಲ ಬಸ್ಸು ಭಾಲ್ಕಿಯ ರೈಲು ಗೇಟಿಗೆ ಬಂತು. ಗೇಟಿನವನು ಕೆಂಪು ಬಾವುಟ ಹಿಡಿದಿದ್ದ. ಮಚ್ಛೇಂದ್ರ ವೇಗ ಹೆಚ್ಚಿಸಿದ. ದತ್ತಾತ್ರಿ ಹಿಂದಿನಿಂದ ಓಡಿ ಬಂದು ತಮ್ಮನ ಕುತ್ತಿಗೆ ಹಿಡಿದ. ಬಸ್ಸು ನಿಂತಿತು. ರೈಲು ಹೋಯಿತು.

ವಿಚಾರಣೆ ನಡೆಯಿತು. ಬಣ್ಣಗುರುಡನು ಕೆಂಪನ್ನು ಗುರುತಿಸಿದ್ದು ನಿಯಮಬಾಹಿರ, ಆದರೆ ಉಪಯುಕ್ತ ಎಂದು ಕಚೇರಿ ಕಂಡುಕೊಂಡಿತು. ಇನ್ನು ಮುಂದೆ ಅವನು ಡ್ರೈವರನ ಪಕ್ಕದಲ್ಲಿ ಕುಳಿತು ಬಣ್ಣ ಹೇಳತಕ್ಕದ್ದು ಎಂದು ಹುಕುಂ ಆಯಿತು.

ಮರುವರ್ಷ ಪುಸ್ತಕ ಬಂತು. ಅಷ್ಟರಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ಯಾರೂ ತೆರೆಯಲಿಲ್ಲ.

ದತ್ತಾತ್ರಿ ರಜೆ ಹಾಕಿದ ದಿನ ಬಸ್ಸು ಹೊರಡುವುದಿಲ್ಲ. ಯಾಕೆಂದು ಕೇಳಿದರೆ, ಬಣ್ಣಗುರುಡ ಬಂದಿಲ್ಲ ಎನ್ನುತ್ತಾರೆ. ಜನ ಇಳಿದು ಮನೆಗೆ ಹೋಗುತ್ತಾರೆ.