ಮೊದಲು ಮೇಲಿನ ಫ್ಯಾನ್ ಬಂದ್ ಮಾಡಿ

ಮದುವೆಗೆ ಹೋದವರೆಲ್ಲ ಮದುಮಗಳನ್ನು ನೋಡುತ್ತಾರೆ. ನನ್ನ ಚಿಕ್ಕಮ್ಮ ಸಭಾಭವನದ ಹಿಂದೆ ಹೋಗಿ ಜನರೇಟರಿನ ಮೇಲೆ ಅಂಟಿಸಿದ ಸೂಚನೆಗಳನ್ನು ಓದುತ್ತಾರೆ. ಓದಿ ಸುಮ್ಮನಾದರೆ ಚಿಂತೆಯಿರಲಿಲ್ಲ. ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ತಿದ್ದುತ್ತಾರೆ! ನಮ್ಮ ಬಳಗದಲ್ಲಿ ಯಾರಾದರೂ ಹೊಸ ಮಿಕ್ಸಿ ತಂದರೆ ಮೊದಲು ಅದರ ಕೈಪಿಡಿಯನ್ನು ಅಡಗಿಸಿಟ್ಟು, ಆಮೇಲೆ ಚಿಕ್ಕಮ್ಮನನ್ನು ಊಟಕ್ಕೆ ಕರೆಯುವುದು ವಾಡಿಕೆ.

ಇದು ವೃತ್ತಿಯಿಂದ ಅಂಟಿದ ಚಟ. ಮೂಡುಬಿದಿರೆಯ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅವರು ನಿವೃತ್ತಿಯವರೆಗೂ ಸಹಾಯಕಿಯಾಗಿದ್ದರು. ಪ್ರಯೋಗ ಮಾಡುವ ಕ್ರಮವನ್ನು ಹಾಳೆಯಲ್ಲಿ ಬರೆದು ವಿದ್ಯಾರ್ಥಿಗಳಿಗೆ ಹಂಚುವುದು ಅವರ ಕೆಲಸ. ನಾನೂ ಅದೇ ಲ್ಯಾಬಿನಲ್ಲಿ ಕಲಿತು, ಪಿಯುಸಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಮೀಟರ್ ಸುಟ್ಟು ಫೇಲಾದವನು. ಹೊಗೆ ಬಂತು ಎಂದು ನಾನು ಹೇಳುತ್ತಿದ್ದೆ. ಮುಳ್ಳು ಮುರಿದು ಹಾರಿತು ಎಂದೂ ಹೇಳಿದ್ದುಂಟು. ನಾನು ಮೂರ್ಛೆ ಹೋದೆ ಎಂಬುದು ಅಮ್ಮನ ಆವೃತ್ತಿ. ಯಾವುದು ನಿಜ? ಹೇಳಿ ಹೇಳಿ ಈಗ ಮೂರೂ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿವೆ! ಅನುಮಾನವಿಲ್ಲದ ಸಂಗತಿ ಒಂದೇ: ಅಂದಿನಿಂದ ನಾನು ಬಳಗದ ಅಧಿಕೃತ ಪೆದ್ದ. ಬಿ.ಸಿ. ರೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡೆ. ವಿದ್ಯುತ್ತಿನ ತಂಟೆಗೆ ಮತ್ತೆ ಹೋಗಲಿಲ್ಲ.

ಹೀಗಿರುವಾಗ ಬೆಳ್ತಂಗಡಿ ಕಡೆಯ ಒಂದು ಹಳ್ಳಿಯ ಗ್ರಂಥಾಲಯದಿಂದ ಚಿಕ್ಕಮ್ಮನಿಗೆ ಫೋನ್ ಬಂತು. ಅಲ್ಲಿನ ಗ್ರಂಥಪಾಲಕಿ ಅವರ ಹಳೆಯ ವಿದ್ಯಾರ್ಥಿನಿ. ಯಾರೋ ದಾನ ಕೊಟ್ಟ ಹನ್ನೆರಡು ಹಳೆಯ ಲ್ಯಾಪ್‌ಟಾಪ್‌ಗಳು ಅಲ್ಲಿ ಇದ್ದವು. ಹತ್ತು ನಿಮಿಷ ಓಡಿದರೆ ದೋಸೆ ಕಾವಲಿಯ ಹಾಗೆ ಕಾದು ತಾವಾಗಿ ಆರಿಹೋಗುತ್ತಿದ್ದವು. ಒಳಗಿನ ಫ್ಯಾನ್ ತಿರುಗುತ್ತಿರಲಿಲ್ಲ. ತಿಂಗಳ ಕೊನೆಯೊಳಗೆ ಸರಿಯಾಗದಿದ್ದರೆ ಎಲ್ಲವನ್ನೂ ಗುಜರಿಗೆ ಹಾಕುವುದೆಂದು ಪಂಚಾಯತಿನವರು ತೀರ್ಮಾನಿಸಿದ್ದರು. ಆಕೆಗೆ ಅಳುವೇ ಬಂದಿತ್ತು. ಒಂದು ಅರ್ಜಿ ತುಂಬಿಸಲಿಕ್ಕೂ ಹಳ್ಳಿಯವರು ಬಸ್ಸು ಹಿಡಿದು ಪೇಟೆಗೆ ಹೋಗುವುದನ್ನು ತಪ್ಪಿಸಬೇಕೆಂದು ಕೇಳಿ ಕೇಳಿ ತರಿಸಿದ್ದ ಲ್ಯಾಪ್‌ಟಾಪ್‌ಗಳವು.

ಫ್ಯಾನಿಗೆ ಯಾವಾಗ ತಿರುಗಬೇಕೆಂದು ಹೇಳುವ ಒಂದು ಸಣ್ಣ ತಂತ್ರಾಂಶ ಉಂಟು. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಜಗತ್ತಿನ ಬೇರೆ ಬೇರೆ ಮೂಲೆಗಳ ಜನ ಸಂಬಳವಿಲ್ಲದೆ ಬರೆದದ್ದು. ಡ್ರೈವರ್ ಸರಿಯಾಗಿಯೇ ಇತ್ತು. ಆದರೆ ಅದನ್ನು ಹಾಕಿಕೊಳ್ಳುವ ಕ್ರಮ ಹೇಳುವ ಪುಟ ಹಳೆಯದು. ಈಗ ಇಲ್ಲದ ಕಡತವನ್ನು ತೆರೆಯಿರಿ ಎನ್ನುತ್ತಿತ್ತು. ಗ್ರಂಥಪಾಲಕಿ ಅದನ್ನು ನಂಬಿ ಮೂರು ದಿನ ಹುಡುಕಿದ್ದರು.

"ಚಿಕ್ಕಮ್ಮ, ನೀವೇ ಒಮ್ಮೆ ಹೋಗಿ ಸರಿ ಮಾಡಿ ಬನ್ನಿ. ವೇಣೂರು ದಾಟಿದರೆ ಆಯ್ತಲ್ಲ?" ಎಂದೆ.

"ನಾನು ಹೋದ್ರೆ ಹನ್ನೆರಡು ಸರಿಯಾಗ್ತದೆ. ಈ ಮಾಡೆಲ್ ಬೇರೆ ಎಲ್ಲೆಲ್ಲಿ ಉಂಟೋ, ಅಲ್ಲಿಗೆಲ್ಲ ನೀನು ಹೋಗ್ತಿಯಾ? ಪುಟ ಸರಿ ಮಾಡುವ. ಅವಳೇ ಓದಿ, ಅವಳೇ ಮಾಡ್ಲಿ."

"ತಿಂಗಳ ಕೊನೆಗೆ ಗುಜರಿಯವ ಬರ್ತಾನಲ್ಲ?"

"ಹಾಗಾದ್ರೆ ನೀನು ಪ್ರತಿ ಆದಿತ್ಯವಾರ ಬಾ. ಏನೂ ಗೊತ್ತಿಲ್ಲದವ ಒಬ್ಬ ಬೇಕು. ನಿನ್ನಷ್ಟು ಗೊತ್ತಿಲ್ಲದವ ಮೂರು ತಾಲೂಕಿನಲ್ಲಿ ಸಿಗ್ಲಿಕ್ಕಿಲ್ಲ ಮಾರಾಯ."

ಇಂಥ ಮಾತು ಕೇಳಿ ಎಷ್ಟು ಜನ ಸಿದ್ದಕಟ್ಟೆಯ ತಿರುವುಗಳಲ್ಲಿ ಬಸ್ಸಿನಲ್ಲಿ ನಿಂತುಕೊಂಡು ಮೂಡುಬಿದಿರೆಗೆ ಹೋಗುತ್ತಾರೆ? ನಾನು ಹೋದೆ.

ಚಿಕ್ಕಮ್ಮನ ಪರೀಕ್ಷಾ ವಿಧಾನ ವಿಚಿತ್ರ. ಅವರು ಬರೆದದ್ದನ್ನು ನಾನು ಓದಿ, ಅವರ ಮನೆಗೆ ಬೇರೆ ಕಡೆಯಿಂದ ತರಿಸಿದ ಅದೇ ಮಾಡೆಲಿನ ಲ್ಯಾಪ್‌ಟಾಪಿನಲ್ಲಿ ಮಾಡಬೇಕು. ಅವರು ಎದುರು ಕೂತು ನೋಡಬೇಕು, ಸಹಾಯ ಮಾಡಬಾರದು. ಬಾಯಿ ತಪ್ಪಿ ಮಾತು ಬಂದೀತೆಂದು ಕಲ್ಲುಸಕ್ಕರೆಯ ದೊಡ್ಡ ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ತಪ್ಪಿದೆನೋ, ತಡೆಯಲಾರದೆ ಕಚ್ಚುತ್ತಿದ್ದರು. ಕಟ್!

ಮೊದಲ ಆದಿತ್ಯವಾರ ಪಾಸ್‌ವರ್ಡ್ ಒತ್ತಿದೆ. ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡ್ ಕೆಟ್ಟಿದೆಯೆಂದು ಬಲವಾಗಿ ಒತ್ತಿದೆ, ಇನ್ನೂ ಬಲವಾಗಿ ಒತ್ತಿದೆ, ಕೊನೆಗೆ ತಿರುಗಿಸಿ ತಟ್ಟಿದೆ. ಕಟ್! ಚಿಕ್ಕಮ್ಮ ಬರೆದುಕೊಂಡರು: "ಇಲ್ಲಿ ಒತ್ತಿದ್ದು ಕಾಣಿಸುವುದಿಲ್ಲ. ಕೀಬೋರ್ಡ್ ಸರಿಯಿದೆ. ತಟ್ಟಬೇಡಿ."

ಆಮೇಲೆ "ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ" ಎಂದಿತ್ತು. ವಿಧೇಯನಾಗಿ ಆರಿಸಿದೆ. ಮುಂದಿನ ಹಂತ? ಅದು ಆ ಲ್ಯಾಪ್‌ಟಾಪಿನ ಪರದೆಯ ಮೇಲೆಯೇ ಇತ್ತಲ್ಲ!

"ಇನ್ನು ಎಂತ ಮಾಡುವುದು ಚಿಕ್ಕಮ್ಮ?"

ಕಟ್! ಕಟ್!

ಮರುವಾರಕ್ಕೆ ಪುಟದ ಮೊದಲ ಸಾಲು ಬದಲಾಗಿತ್ತು: "ಮೊದಲು ಇದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ."

ಆ ವಾರ ಕೊನೆಯ ಹಂತದವರೆಗೂ ಹೋದೆ. "ಕಿವಿಯಿಟ್ಟು ಕೇಳಿ. ಫ್ಯಾನ್ ತಿರುಗುವ ಸದ್ದು ಬರಬೇಕು." ಕಿವಿಯಿಟ್ಟೆ. ಬಂತು! ಸ್ಪಷ್ಟವಾಗಿ, ಗರಗರನೆ! ನಾನು ಎದ್ದು ಕುಣಿಯುವುದೊಂದು ಬಾಕಿ. ಚಿಕ್ಕಮ್ಮ ನಿಧಾನವಾಗಿ ತಲೆಯೆತ್ತಿ ಮಾಡಿನತ್ತ ನೋಡಿದರು. ನಾನೂ ನೋಡಿದೆ. ನಮ್ಮ ತಲೆಯ ಮೇಲೆ ಮನೆಯ ಫ್ಯಾನು ಗರಗರನೆ ತಿರುಗುತ್ತಿತ್ತು. ಕಟ್! ಆ ಸಲ ಹಲ್ಲೇ ಮುರಿಯಿತೆಂದು ಹೆದರಿದೆ.

ಹಾಗೆ, ಈ ಡ್ರೈವರಿನ ಪುಟದಲ್ಲಿ ಒಂದು ಹೊಸ ಸಾಲು ಸೇರಿತು: "ಮೊದಲು ಮೇಲಿನ ಫ್ಯಾನ್ ಬಂದ್ ಮಾಡಿ."

ಯಾವುದೋ ಚಳಿ ದೇಶದಲ್ಲಿ ಕೂತು ಈ ಡ್ರೈವರನ್ನು ನೋಡಿಕೊಳ್ಳುವ ಒಬ್ಬ ಮನುಷ್ಯನಿದ್ದಾನೆ. ಅವನು ಒಪ್ಪಿದರೆ ಮಾತ್ರ ತಿದ್ದುಪಡಿ ಸೇರುತ್ತದೆ. ಚಿಕ್ಕಮ್ಮ ಇಂಗ್ಲಿಷಿನಲ್ಲೂ ಬರೆದು ಕಳಿಸಿದ್ದನ್ನು ಓದಿ ಅವನು ಮೊದಲು ಕೇಳಿದ್ದು, ಮೇಲಿನ ಫ್ಯಾನ್ ಎಂದರೇನು? ಚಿಕ್ಕಮ್ಮ ಫೋಟೊ ಕಳಿಸಿದರು. ಆಮೇಲೆ ಅವನು, ನೀವು ನಾಲ್ಕು ಸಾಲಿನ ಜಾಗದಲ್ಲಿ ನಲವತ್ತು ಬರೆದಿದ್ದೀರಿ, ಇದೆಲ್ಲ ಬಳಸುವವರಿಗೆ ಗೊತ್ತಿರುತ್ತದೆ ಎಂದ.

"ಗೊತ್ತಿರುವುದಿಲ್ಲ. ನನ್ನ ಹತ್ತಿರ ಒಬ್ಬನಿದ್ದಾನೆ, ಅವನಿಗೆ ಗೊತ್ತಿಲ್ಲ" ಎಂದು ಚಿಕ್ಕಮ್ಮ ಉತ್ತರ ಬರೆದರು. ನನ್ನ ಕೀರ್ತಿ ಸಮುದ್ರ ದಾಟಿದ್ದು ಹೀಗೆ!

ಮೂರನೆಯ ಆದಿತ್ಯವಾರ ಕಲ್ಲುಸಕ್ಕರೆ ಬಾಯಲ್ಲೇ ಕರಗಿತು. ನಾನು ಒಂದೂ ತಪ್ಪಿಲ್ಲದೆ ಮುಗಿಸಿದ್ದೆ. ಅಲ್ಲಿಯವರೆಗೆ ಒಟ್ಟು ಎಂಟು ಸಲ ಕಟ್ ಎಂದಿತ್ತು. ನನ್ನ ನೆನಪನ್ನು ನೀವು ನಂಬಬೇಕಾಗಿಲ್ಲ, ನಾನೂ ನಂಬುವುದಿಲ್ಲ. ಅದಕ್ಕೇ ಒಂದೊಂದು ಸಲಕ್ಕೂ ಬಸ್ ಟಿಕೆಟಿನ ಹಿಂದೆ ಗೆರೆ ಎಳೆದಿಟ್ಟಿದ್ದೆ.

ಪುಟ ಗ್ರಂಥಾಲಯಕ್ಕೆ ಹೋಯಿತು. ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಎರಡು ದಿನ ಸದ್ದಿಲ್ಲ. ಚಿಕ್ಕಮ್ಮ ತಾವಾಗಿ ಫೋನ್ ಮಾಡಲಿಲ್ಲ. ಮಾಡಿದರೆ ಅದೂ ಸಹಾಯವಂತೆ! ಮೂರನೆಯ ದಿನ ಸಂಜೆ ನಾನು ಚಿಕ್ಕಮ್ಮನ ಮನೆಯಲ್ಲಿದ್ದಾಗಲೇ ಫೋನ್ ಬಂತು.

"ಮೇಡಂ, ಹನ್ನೊಂದು ಓಡ್ತಾ ಉಂಟು! ನಾನೇ ಮಾಡಿದ್ದು, ಯಾರನ್ನೂ ಕೇಳಲಿಲ್ಲ. ಗುಜರಿಯವನಿಗೆ ಬರುವುದು ಬೇಡ ಅಂತ ಪಂಚಾಯತಿನವರೇ ಹೇಳಿದ್ರು."

"ಹನ್ನೆರಡನೆಯದು?"

"ಅದರ ಫ್ಯಾನಿನೊಳಗೆ ಇರುವೆ ಗೂಡು ಕಟ್ಟಿದೆ ಮೇಡಂ."

ಚಿಕ್ಕಮ್ಮ ಆಗಲೇ ಕೆಂಪು ಪೆನ್ನು ಹುಡುಕುತ್ತಿದ್ದರು. ಇರುವೆಯ ಬಗ್ಗೆ ಒಂದು ಸಾಲು ಬೇಡವೇ?

ವಾರದ ನಂತರ ಚಳಿ ದೇಶದವನು ನಲವತ್ತೊಂದು ಸಾಲುಗಳನ್ನೂ ಒಪ್ಪಿಕೊಂಡ, ಇರುವೆಯ ಸಮೇತ. ಇಂಥ ತಿದ್ದುಪಡಿಯ ಜೊತೆಗೆ ಒಂದು ಟಿಪ್ಪಣಿ ಬರೆದು, ಪರೀಕ್ಷಿಸಿ ನೋಡಿದವರ ಹೆಸರು ಹಾಕುವ ಕ್ರಮ ಉಂಟಂತೆ. ಚಿಕ್ಕಮ್ಮ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದರು. ಅಲ್ಲಿ ನನ್ನ ಹೆಸರು, ಇನಿಶಿಯಲ್ ಸಮೇತ, ಪೂರ್ತಿಯಾಗಿ ಇತ್ತು. ಅದರ ಮೇಲೆ ಎರಡು ವಾಕ್ಯ: "ಇವನು ಒಂಬತ್ತು ಕಡೆ ತಪ್ಪಿದ. ಒಂಬತ್ತೂ ಬರೆದವಳ ತಪ್ಪುಗಳು."

"ಎಂಟು ಚಿಕ್ಕಮ್ಮ!" ಎಂದೆ, ಟಿಕೆಟ್ ತೆಗೆದು ತೋರಿಸುತ್ತ. "ಲೆಕ್ಕ ಇಟ್ಟಿದ್ದೇನೆ. ಸುಮ್ಮನೆ ಒಂದು ಜಾಸ್ತಿ ಹಾಕಿದ್ರಿ."

ಅವರು ಎದ್ದು ಹೋಗಿ ಕಪಾಟಿನಿಂದ ಒಂದು ಹಳದಿ ತಿರುಗಿದ ಹಾಳೆ ತಂದರು. ಲ್ಯಾಬಿನ ಹಾಳೆ, ಅವರದೇ ಅಕ್ಷರ. ನಡುವೆ ಕೆಂಪು ಶಾಯಿಯಲ್ಲಿ ಒಂದು ಸಾಲು ಆಮೇಲೆ ಸೇರಿಸಿದ್ದು: ಅಮೀಟರನ್ನು ನೇರವಾಗಿ ಬ್ಯಾಟರಿಗೆ ಜೋಡಿಸಬಾರದು.

"ಇದನ್ನು ಬರೆಯಲಿಕ್ಕೆ ಬಿಟ್ಟುಹೋಗಿತ್ತು. ನಿನ್ನ ಪರೀಕ್ಷೆಯ ಮರುದಿನ ನೋಡಿದೆ."

"ಉಳಿದವರೆಲ್ಲ ಪಾಸಾದರಲ್ಲ?"

"ಅವರು ಪಕ್ಕದವರನ್ನು ನೋಡಿ ಮಾಡಿದ್ರು. ನಾನು ಬರೆದದ್ದನ್ನು ನಂಬಿ, ಬರೆದ ಹಾಗೆಯೇ ಮಾಡಿದ್ದು ನೀನು ಒಬ್ಬನೇ ಮಾರಾಯ. ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ."

ಹೊಗೆ, ಮುಳ್ಳು, ಮೂರ್ಛೆ: ಆ ಮೂರು ಆವೃತ್ತಿಗಳಲ್ಲಿ ಒಂದರಲ್ಲೂ ಈ ಹಾಳೆ ಇರಲಿಲ್ಲ.

ಚಿಕ್ಕಮ್ಮ ಡಬ್ಬಿಯಿಂದ ಕಲ್ಲುಸಕ್ಕರೆಯ ಒಂದು ತುಂಡು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. "ಇವತ್ತು ನೀನು ಕಚ್ಚು" ಎಂದು ಎದುರಿಗೆ ಕೂತರು.

ಬಾಯಿಗೆ ಹಾಕಿಕೊಂಡೆ. ಕಚ್ಚಲಿಲ್ಲ. ಅದು ಬಾಯಲ್ಲೇ ಪೂರ್ತಿ ಕರಗಿತು.