ಹದಿನಾಲ್ಕು ಎಂಟರ ಖೋಲಿ

ಅಳತೆಯ ಟೇಪು ಕೆಳಮನೆಯ ಬಂಗಾಳಿ ಹಿರಿಯಾಕೆ ಮಾಶಿಮಾ ಹತ್ತಿರ ಇತ್ತು. ಪರದೆ ಹೊಲಿಸಲೆಂದು ಒಯ್ದವರು ಹಿಂದಿರುಗಿಸಿರಲಿಲ್ಲ. ಮೆಟ್ಟಿಲಿಳಿದು ಅದನ್ನು ಕೇಳಿ ತಂದಿದ್ದರೆ ದೇವೇಂದ್ರನ ಆ ಶುಕ್ರವಾರ ಉಳಿದೆಲ್ಲ ಶುಕ್ರವಾರಗಳ ಹಾಗೆ ಸದ್ದಿಲ್ಲದೆ ಕಳೆದುಹೋಗುತ್ತಿತ್ತು.

"ಟೇಪ್ ತಂದು ಅಳೀರಿ, ಆಮ್ಯಾಲೆ ಆಫೀಸಿಗೆ ಹೋಗ್ರಿ," ಎಂದಳು ಹೆಂಡತಿ ಸುಲೋಚನಾ. "ಸಂಜೀಕ ಅಪ್ಪಾರು ಬರ್ತಾರ. ಈ ಥಂಡ್ಯಾಗ ನೆಲ ಬರ್ಫ ಆಗೇದ, ಅವರಿಗೆ ಮೊಣಕಾಲ ನೋವು. ಅವರು ಕಾಲಿಡೂದ್ರಾಗ ಮುಂದಿನ ಖೋಲಿಗೆ ಕಾರ್ಪೆಟ್ ಬಿದ್ದಿರಬೇಕು."

ಅಪ್ಪಾರು ಎಂದರೆ ಬಸವಲಿಂಗಪ್ಪ ಮಾಸ್ತರರು. ಧಾರವಾಡದಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮದುವೆಯ ದಿನ, ಈ ಹಂದರದಲ್ಲಿ ಎಷ್ಟು ಕುರ್ಚಿ ಹಿಡಿಯುತ್ತವೆ ಎಂದು ಅಳಿಯನನ್ನು ಕೇಳಿದ್ದರು. ಅವನ ಉತ್ತರಕ್ಕೆ ಒಮ್ಮೆ ಕೆಮ್ಮಿದ್ದರು, ಅಷ್ಟೇ. ದೇವೇಂದ್ರ ಕೋಲ್ಕತ್ತಾಕ್ಕೆ ಬಂದು ಅಂಕಿಸಂಖ್ಯೆಗಳ ಅಧಿಕಾರಿಯಾದ ಮೇಲೂ ಆ ಕೆಮ್ಮು ಅವನ ಕಿವಿಯಿಂದ ಇಳಿದಿರಲಿಲ್ಲ.

"ಅಂದಂಗ, ಹ್ವಾದ ತಿಂಗಳ ಅಪ್ಪಾರು ಫೋನಿನ್ಯಾಗ ಖೋಲಿ ಅಳತಿ ಕೇಳಿದ್ರು," ಎಂದಳು ಸುಲೋಚನಾ. "ನನಗೇನ ಗೊತ್ತು? ಬಣ್ಣದಾಂವ ಗ್ವಾಡಿ ಬುಡಕ ಪಟ್ಟಿ ಹೊಡದಾಗ ಸುತ್ತ ನಲವತ್ನಾಕ ಅಡಿ ಅಂದಿದ್ದ. ಪಾಲಿಶ್ ಮಾಡಿದಾಂವ ನೆಲ ನೂರಾ ಹನ್ನೆರಡ ಚದರಡಿ ಅಂದಿದ್ದ. ಅಷ್ಟ ಹೇಳಿ ಕುಂತೆ."

ದೇವೇಂದ್ರನ ಮುಖ ಅರಳಿತು. "ಅಷ್ಟ ಸಾಕು! ಸುತ್ತಳತಿ ಐತಿ, ಕ್ಷೇತ್ರಫಲ ಐತಿ. ಉದ್ದ ಅಗಲ ತಾವಾಗೇ ಬಂದು ಕೈ ಕಟ್ಟಿ ನಿಂದರ್ತಾವ. ಟೇಪ್ ಯಾರಿಗೆ ಬೇಕು?"

"ಆದ್ರ ಆ ಮೂಲ್ಯಾಗ..."

"ಲೆಕ್ಕದಾಗ ಮೂಲಿ ಬರೂದಿಲ್ಲ," ಎಂದು ಅವನು ಬೂಟು ಮೆಟ್ಟಿದ.

ಎಸ್ಪ್ಲನೇಡ್‌ನ ಆಫೀಸಿನಲ್ಲಿ ಊಟದ ಹೊತ್ತಿಗೆ ವಿಷಯ ಎಲ್ಲ ಮೇಜುಗಳಿಗೂ ಹರಡಿತ್ತು. ಮೈಸೂರಿನ ಅಶ್ವತ್ಥನಾರಾಯಣ ಮೊಸರನ್ನದ ಡಬ್ಬಿ ಸಮೇತ ಎದುರಿಗೆ ಬಂದು ಕೂತ.

"ಸುತ್ತಳತೆ ಅರ್ಧ ಮಾಡಿ. ಇಪ್ಪತ್ತೆರಡು. ಉದ್ದ ಅಗಲ ಕೂಡಿದ್ರೆ ಇಪ್ಪತ್ತೆರಡು ಬರಬೇಕು, ಗುಣಿಸಿದ್ರೆ ನೂರಾ ಹನ್ನೆರಡು. ಹನ್ನೆರಡು ಹತ್ತಲೇ?"

"ನೂರಾ ಇಪ್ಪತ್ತು. ಜಾಸ್ತಿ."

"ಹದಿಮೂರು ಒಂಬತ್ಲೆ?"

"ನೂರಾ ಹದಿನೇಳು."

"ಹದಿನಾಲ್ಕು ಎಂಟ್ಲೆ?"

"ನೂರಾ ಹನ್ನೆರಡು!" ಎಂದು ದೇವೇಂದ್ರ ಎದ್ದೇ ನಿಂತ.

"ದಶಾಂಶವೂ ಇಲ್ಲ, ಬಾಲವೂ ಇಲ್ಲ! ಇಷ್ಟು ಚೊಕ್ಕವಾಗಿ ಬಂದಿರೋ ಉತ್ತರ ತಪ್ಪಾಗೋಕೆ ಸಾಧ್ಯವೇ ಇಲ್ಲ ಕಣ್ರೀ," ಎಂದು ಅಶ್ವತ್ಥನಾರಾಯಣ ಅನ್ನದ ಕೈಯಲ್ಲೇ ಶಹಭಾಸ್‌ಗಿರಿ ಕೊಟ್ಟ.

ಪಕ್ಕದ ಮೇಜಿನ ಮಿಹಿರ್‌ದಾ ಮಾತ್ರ ಹಿಂದಿಯಲ್ಲಿ, "ಒಮ್ಮೆ ಮನೆಗೆ, ಬೌದಿಗೆ ಫೋನ್ ಮಾಡಿ ಕೇಳಬಾರದೇ?" ಎಂದರು. ದೇವೇಂದ್ರ ಅವರ ಕಡೆ, ಜ್ಯೋತಿಷಿಯೊಬ್ಬ ಗಿಣಿಶಾಸ್ತ್ರದವನನ್ನು ನೋಡುವ ಹಾಗೆ ನೋಡಿದ.

ಆಫೀಸು ಬಿಟ್ಟು ಹೋದಾಗ ಕಾರ್ಪೆಟ್ ಅಂಗಡಿಯವನು ಕತ್ತರಿ ಹಿಡಿದು, "ಕತ್ತರಿಸಿದ ಮಾಲು ವಾಪಸ್ ತಗೊಳ್ಳೋದಿಲ್ಲ ದಾದಾ," ಎಂದು ಎರಡು ಸಲ ಹೇಳಿದ. "ಕತ್ತರಿಸಿ, ಕತ್ತರಿಸಿ," ಎಂದು ದೇವೇಂದ್ರ ನಕ್ಕ.

ಎಂಟಡಿ ಉದ್ದದ ಸುರುಳಿ ಸಿದ್ಧವಾಯಿತು. ಮೆಟ್ರೋದ ಬಾಗಿಲಲ್ಲಿ ಕಾವಲುಗಾರ ಅದನ್ನೂ ಅವನನ್ನೂ ಹಿಂದಕ್ಕೆ ತಿರುಗಿಸಿದ. ಬಸ್ಸಿನಲ್ಲಿ ಅದು ಕಂಡಕ್ಟರನ ಕಿವಿಗೆ ತಗುಲಿತು, ಮುಂದಿನ ನಿಲ್ದಾಣದಲ್ಲಿ ಅದೂ ಅವನೂ ಇಳಿಯಬೇಕಾಯಿತು. ಕೊನೆಗೆ ಟ್ಯಾಕ್ಸಿಯ ನೆತ್ತಿಯ ಮೇಲೆ ಮಲಗಿ ಅದು ಬಾಲಿಗಂಜ್ ಸೇರಿತು. ಓಣಿಯ ಕ್ಲಬ್ಬಿನ ಹುಡುಗರು ಬಿಳಿ ಬಟ್ಟೆ ಸುತ್ತಿದ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಗಂಭೀರವಾಗಿ ಹೆಜ್ಜೆ ಹಾಕಿದರು. ಮಾಶಿಮಾ ಬಾಲ್ಕನಿಯಿಂದ ನೋಡಿ ಕೈ ಮುಗಿದರು.

"ಅಯ್ಯೋ, ದೇವೇಂದ್ರ ಬಾಬು! ಬೆಳಿಗ್ಗೆ ಚೆನ್ನಾಗಿಯೇ ಇದ್ದರಲ್ಲ!" ಎಂದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ, ಹಿಂದೆ ನಡೆದು ಬರುತ್ತಿದ್ದ ದೇವೇಂದ್ರನೇ ಕಂಡ. "ಹಾಗಾದರೆ ಸುಲೋಚನಾಳಾ?" ಎಂದು ಅವರು ಮತ್ತೆ ಅಳತೊಡಗಿದರು.

ಸುಲೋಚನಾ ಹೌರಾ ಸ್ಟೇಷನ್ನಿಗೆ ಹೋಗಿದ್ದಳು. ದೇವೇಂದ್ರ ಸುರುಳಿ ಬಿಚ್ಚಿದ. ಕಾರ್ಪೆಟ್ ಖೋಲಿಯ ತುದಿ ಮುಟ್ಟಿತು. ಅಲ್ಲಿಗೆ ನಿಲ್ಲದೆ, ಎದುರಿನ ಗೋಡೆಯನ್ನು ಎರಡಡಿ ಹತ್ತಿತು. ಪಕ್ಕದಲ್ಲಿ ಎರಡಡಿ ಅಗಲದ ಬರಿ ನೆಲ ಹಲ್ಲು ಕಿರಿಯಿತು. ಎಳೆದ, ತಿರುಗಿಸಿದ, ಮೇಲೆ ಮಲಗಿ ನೋಡಿದ. ಹದಿನಾಲ್ಕು ಎಂಟಲೆ ಮತ್ತೊಮ್ಮೆ ಗುಣಿಸಿದ. ಈಗಲೂ ನೂರಾ ಹನ್ನೆರಡೇ ಬಂತು.

ಬಾಗಿಲಲ್ಲಿ ಮಾವನ ಕೋಲಿನ ಸದ್ದಾಯಿತು. ಜೊತೆಯಲ್ಲಿ ಸುಲೋಚನಾ. ಬರುವಾಗ ಮಾಶಿಮಾಗೆ ತಾನು ಬದುಕಿರುವುದನ್ನು ತೋರಿಸಿ, ಟೇಪನ್ನೂ ಇಸಿದುಕೊಂಡು ಬಂದಿದ್ದಳು. ಮಾಸ್ತರರು ಗೋಡೆ ಹತ್ತಿದ ಕಾರ್ಪೆಟ್ಟನ್ನು ನೋಡಿ ಕೆಮ್ಮಿದರು. ಅದೇ ಕೆಮ್ಮು.

"ಹದಿನಾಲ್ಕ ಎಂಟರಿ ಮಾವಾರ," ಎಂದ ದೇವೇಂದ್ರ, ಸತ್ತ ಧ್ವನಿಯಲ್ಲಿ. "ಕೂಡಿದ್ರ ಇಪ್ಪತ್ತೆರಡು, ಗುಣಿಸಿದ್ರ ನೂರಾ ಹನ್ನೆರಡು."

ಸುಲೋಚನಾ ಟೇಪು ಎಳೆದಳು. "ಖೋಲಿ ಹನ್ನೆರಡ ಹತ್ತು ಐತಿ. ಇಲ್ಲಿ ಮೂಲ್ಯಾಗ ಮೆಟ್ಟಲಿನ ಗ್ವಾಡಿ ಒಳಗ ನುಗ್ಗೇದ ನೋಡ್ರಿ, ನಾಕಡಿ ಎರಡಡಿ. ಅದು ನುಗ್ಗಿದ್ರೂ ಸುತ್ತಳತಿ ಇದ್ದಷ್ಟ ಇರ್ತದ, ನೆಲ ಮಾತ್ರ ಎಂಟ ಚದರಡಿ ಕಡಿಮಿ ಆಗ್ತದ. ಮುಂಜಾನೆ ಹೇಳಾಕ ಹ್ವಾದ್ನಿ, ಕೇಳಲಿಲ್ಲ. ಇರ್ಲಿ, ಗ್ವಾಡಿ ಹತ್ತಿದ ತುಂಡು ಕತ್ತರಿಸಿ ಈ ಬರಿ ನೆಲಕ್ಕ ಹಾಕಿದ್ರ ಬರೋಬ್ಬರಿ ಕೂಡ್ತದ." ಕತ್ತರಿಯನ್ನೂ ತಂದಳು.

"ಕತ್ತರಿ ಕೆಳಗಿಡು!" ಎಂದು ಮಾಸ್ತರರು ಗುಡುಗಿದರು.

ಊರಿಂದ ತಂದ ದೊಡ್ಡ ಗಂಟನ್ನು ತಾವೇ ಬಿಚ್ಚಿದರು. ಒಳಗಿನಿಂದ ಕೆಂಪು, ಹಳದಿಯ ನವಲಗುಂದದ ಜಮಖಾನೆ ಹೊರಬಂತು. ಕಾರ್ಪೆಟ್ಟಿನ ಮೇಲೆ ಹಾಸಿದರು. ಅಂಚಿಗೆ ಅಂಚು ಸರಿಯಾಗಿ ಕೂತಿತು. ಆ ತುದಿಯಲ್ಲಿ ಅದೂ ಗೋಡೆಯನ್ನು ಎರಡಡಿ ಹತ್ತಿತು.

"ಸುಲೋಚನಾ ಹೇಳಿದ ಅಳತಿ ಮ್ಯಾಲ ಲೆಕ್ಕ ಮಾಡಿ, ಮುಂದ ನಿಂತು ನೇಯಿಸೀನಿ," ಎಂದರು. ಅಳಿಯನ ಹೆಗಲ ಮೇಲೆ ಮದುವೆಯಾದಾಗಿನಿಂದ ಮೊದಲ ಸಲ ಕೈಯಿಟ್ಟರು. "ಭೇಷ್! ಇಬ್ಬರ ಉತ್ತರಾನೂ ಒಂದ ಬಂದಾವ ಅಂದ್ರ ಲೆಕ್ಕ ತಪ್ಪಿಲ್ಲ. ತಪ್ಪಿದ್ದು ಖೋಲಿ."

ದೇವೇಂದ್ರನ ಎದೆ ಉಬ್ಬಿತು.

"ನಾಳಿಂದನ ಬ್ಯಾರೆ ಮನಿ ಹುಡುಕ್ರಿ," ಎಂದರು ಮಾಸ್ತರರು, ಎರಡು ಹಾಸಿನ ಮೇಲೆ ಬೆಚ್ಚಗೆ ಕೂರುತ್ತ. "ಹದಿನಾಲ್ಕ ಎಂಟರ ಖೋಲಿ ಇರಬೇಕು. ಸಿಗೂತನಕಾ ನಾ ಇಲ್ಲೇ ಇರ್ತೀನಿ."

ಉಬ್ಬಿದ ಎದೆ ಇಳಿಯಿತು. ತಾನು ಬರಿಗಾಲಲ್ಲಿ ನಿಂತಿರುವುದು ಆ ಎರಡಡಿ ಬರಿ ನೆಲದ ಮೇಲೆ ಎಂದು ದೇವೇಂದ್ರನಿಗೆ ಆಗ ತಿಳಿಯಿತು. ಸುಲೋಚನಾ ಟೇಪನ್ನು ಅವನ ಕೈಗಿಟ್ಟಳು.

"ಅದು ಬ್ಯಾಡ," ಎಂದರು ಮಾಸ್ತರರು. "ಸುತ್ತಳತಿ, ಕ್ಷೇತ್ರಫಲ, ಎರಡ ಕೇಳ್ಕೊಂಡ ಬರ್ರಿ. ಉಳದದ್ದು ನಾ ನೋಡ್ಕೋತೀನಿ."