ನೆವಿಲ್‌ನ ಬಸ್ಸು ತಡವಾಗಲಿಲ್ಲ

"ಒಂದು ಗಂಟೆಗೆ ಸರಿಯಾಗಿ ನಿನ್ನನ್ನ ನಿಮ್ಮಮ್ಮನ ಊಟದ ಮೇಜಿಗೆ ತಂದು ಕೂರಿಸದೇ ಹೋದ್ರೆ, ಬಸ್ಸು ಮಾರಿಬಿಡ್ತೀನಿ," ಎಂದು ನೆವಿಲ್ ಹಾರ್ಗ್ರೀವ್ಸ್ ತಿಂಡಿಯ ಹೊತ್ತಿಗೆ ಸಾರಿದ.

ಟೋಸ್ಟಿಗೆ ಮಾರ್ಮಲೇಡ್ ಸವರುತ್ತಿದ್ದ ಹೆಂಡತಿ ಬೆರಿಲ್ ಚಾಕು ಕೆಳಗಿಟ್ಟಳು. "ಇನ್ನೊಂದ್ಸಲ ಹೇಳು."

"ಮಾರಿಬಿಡ್ತೀನಿ. ಹಾರ್ಗ್ರೀವ್ಸ್ ಮನೆತನದ ಮಾತು ಇದು."

"ಆ ಮನೆತನದ ಮಾತು ನಂಬಿಯೇ ನಾನು ಅವತ್ತು ಮದುವೆಗೆ ಅಂತ ಚರ್ಚಿಗೆ ಬಂದಿದ್ದು," ಎಂದಳು ಬೆರಿಲ್. ಆದರೂ ಒಪ್ಪಿದಳು. ಯಾರ್ಕ್‌ಷೈರಿನ ಆ ಕಣಿವೆಯಲ್ಲಿ ಅಂದು ಹಳೇ ಬಸ್ಸುಗಳ ದಿನ. ವರ್ಷಕ್ಕೊಮ್ಮೆ ಊರೂರಿನ ಹುಚ್ಚರೆಲ್ಲ ತಮ್ಮ ತಮ್ಮ ಮುದಿ ಬಸ್ಸುಗಳನ್ನು ಕೊಟ್ಟಿಗೆಯಿಂದ ಹೊರತಂದು ಹಳ್ಳಿ ದಾರಿಯಲ್ಲಿ ಓಡಿಸುತ್ತಾರೆ; ನೆವಿಲ್ ಅವರಲ್ಲೊಬ್ಬ. ಅದೇ ದಿನ, ನೆವಿಲ್‌ನ ದಾರಿಯ ಕೊನೆಯ ಊರಾದ ಆಸ್ಕರ್‌ಬಿಯಲ್ಲಿ ಬೆರಿಲ್‌ಳ ತಾಯಿಯ ತೊಂಬತ್ತನೇ ಹುಟ್ಟುಹಬ್ಬದ ಊಟ. ಸಾಲದ್ದಕ್ಕೆ ನೆವಿಲ್‌ನ ಕಂಡಕ್ಟರ್‌ಗೆ ಸೊಂಟ ಹಿಡಿದುಕೊಂಡಿತ್ತು. ಹಾಗಾಗಿ ಬೆರಿಲ್ ಹುಟ್ಟುಹಬ್ಬದ ಗೌನಿನ ಮೇಲೆ ಖಾಕಿ ಕೋಟು ತೊಟ್ಟು, ಹೆಗಲಿಗೆ ಟಿಕೆಟ್ಟಿನ ಚೀಲ ನೇತುಹಾಕಿಕೊಂಡು, ತಾಯಿಗೆ ಮಾಡಿದ ಕೇಕನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಹೊರಟಳು.

ಈ ಬಸ್ಸಿನ ಮಹಿಮೆ ಏನೆಂದರೆ, ಡ್ರೈವರ್‌ಗೆ ಬೇರೆಯದೇ ಗೂಡು. ಎಂಜಿನ್ನಿನ ಪಕ್ಕದಲ್ಲಿ ಒಬ್ಬನೇ ಕೂತರೆ ಒಳಗಿನವರ ಮಾತು ಅವನಿಗೆ ಕೇಳದು, ಅವನ ಮಾತು ಅವರಿಗೆ ಕೇಳದು. ಇಬ್ಬರ ನಡುವೆ ಇರುವುದು ಗಂಟೆಯೊಂದೇ. ಒಂದು ಸಲ ಹೊಡೆದರೆ ನಿಲ್ಲು, ಎರಡು ಸಲ ಹೊಡೆದರೆ ಹೊರಡು. ಅದನ್ನು ಮುಟ್ಟುವ ಹಕ್ಕು ಕಂಡಕ್ಟರ್‌ಗೆ ಮಾತ್ರ. ನೆವಿಲ್‌ಗೆ ಆ ಗೂಡೇ ಸಿಂಹಾಸನ, ಆ ಗಂಟೆಯೇ ವೇದವಾಕ್ಯ.

ಬಸ್ಸು ತುಂಬಿತ್ತು. ಬಂದವರು ಯಾರೂ ಬೆಟ್ಟ, ಕುರಿ, ಕಲ್ಲುಗೋಡೆಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕಣ್ಣು ಮುಚ್ಚಿ ಗೇರಿನ ಗೊರಗೊರ ಕೇಳುತ್ತಾ ತಲೆದೂಗುತ್ತಿದ್ದರು. ಗಂಟೆಯ ಗುಂಡಿಯ ಪಕ್ಕದ ಸೀಟನ್ನು ಮಾತ್ರ ಮಿಸ್ಟರ್ ಪಿಕಪ್ ಎಂಬ ನಿವೃತ್ತ ಮೇಷ್ಟ್ರು ಬೆಳಿಗ್ಗೆಯೇ ಹಿಡಿದುಬಿಟ್ಟಿದ್ದರು. ಅವರ ಕಣ್ಣು ಆ ಗುಂಡಿಯ ಮೇಲೇ ಇತ್ತು.

ಥಾರ್ನ್‌ಬೆಕ್‌ನ ಕವಲುದಾರಿಯಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆದುಕೊಂಡು ತಿರುಗಿಸಬೇಕು. ಕಂಡಕ್ಟರ್ ಇಳಿದು, ಹಿಂದೆ ನಿಂತು ಸೀಟಿ ಊದಬೇಕು. ಬೆರಿಲ್ ಇಳಿದಳು, ಊದಿದಳು. ಬಸ್ಸು ಚೆನ್ನಾಗಿಯೇ ತಿರುಗಿ ನಿಂತಿತು. ಅವಳು ಇನ್ನೇನು ಬಂದು ಹತ್ತಬೇಕು, ಅಷ್ಟರಲ್ಲಿ ಮಿಸ್ಟರ್ ಪಿಕಪ್‌ರ ಸಂಯಮ ಕೈಕೊಟ್ಟಿತು. ಟಿಂಗ್ ಟಿಂಗ್.

ವೇದವಾಕ್ಯ ಕೇಳಿದ ಮೇಲೆ ಇನ್ನೇನು? ನೆವಿಲ್ ಹೊರಟ. ಕನ್ನಡಿಯಲ್ಲಿ ಬೆರಿಲ್ ಎರಡೂ ಕೈ ಬೀಸುತ್ತಾ ಓಡಿಬರುವುದು ಕಾಣಿಸಿತು. ದಾರಿಯುದ್ದಕ್ಕೂ ಫೋಟೋ ತೆಗೆಯುವವರು ಹೀಗೆಯೇ ಕೈಬೀಸಿದ್ದರಿಂದ, ಖಾಕಿ ತೊಟ್ಟ ಅಭಿಮಾನಿ ಯಾರೋ ಎಂದುಕೊಂಡು ಅವನೂ ಧಾರಾಳವಾಗಿ ಕೈಬೀಸಿದ.

ಒಳಗೆ ಕಳವಳ ಶುರುವಾಯಿತು.

"ಕಂಡಕ್ಟರಮ್ಮ ಹತ್ತಲಿಲ್ಲ ಅನ್ಸುತ್ತೆ," ಎಂದಳೊಬ್ಬಳು.

"ಹೌದು, ನಾನೂ ಗಮನಿಸಿದೆ," ಎಂದ ಪಕ್ಕದವನು. "ಆದ್ರೆ ನಾವು ತಲೆ ಹಾಕೋದು ಸರಿಯಾಗುತ್ತಾ?"

"ಗಂಟೆ ಒಂದ್ಸಲ ಹೊಡೀರಿ, ನಿಲ್ಲಿಸ್ತಾನೆ."

ಎಲ್ಲರೂ ಮಿಸ್ಟರ್ ಪಿಕಪ್‌ರತ್ತ ತಿರುಗಿದರು. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. "ಪ್ರಯಾಣಿಕರು ಗಂಟೆ ಮುಟ್ಟಬಾರದು," ಎಂದರು ಕಟ್ಟುನಿಟ್ಟಾಗಿ. "ನಾನಂತೂ ಇನ್ನು ಮುಟ್ಟಲ್ಲ."

ನಿಯಮ ನಿಯಮವೇ, ಮಿಕ್ಕವರೂ ಮುಟ್ಟಲಿಲ್ಲ. ಕೊನೆಗೆ ಆ ಹೆಂಗಸು ಗೂಡಿನ ಗಾಜನ್ನು ಮೆಲ್ಲಗೆ, ಬಲು ಸಂಕೋಚದಿಂದ ತಟ್ಟಿದಳು. ತನ್ನ ಗೇರು ಬದಲಿಸುವ ಕೌಶಲಕ್ಕೆ ಮೆಚ್ಚುಗೆ ಬಂತೆಂದು ನೆವಿಲ್ ತಿರುಗದೆಯೇ ಹೆಬ್ಬೆರಳೆತ್ತಿ ತೋರಿಸಿದ. ಸಂತೋಷಕ್ಕೆ ಏರಿನಲ್ಲಿ ಇನ್ನೂ ಜೋರಾಗಿ ಓಡಿಸಿದ.

ಆಸ್ಕರ್‌ಬಿ ತಲುಪಿದಾಗ ಚರ್ಚಿನ ಗಡಿಯಾರ ಒಂದು ಹೊಡೆಯಿತು. ನೆವಿಲ್ ಬೀಗುತ್ತಾ ಇಳಿದು, ಕೇಕನ್ನು ಎತ್ತಿಕೊಂಡು, "ಬಾ ಬೆರಿಲ್, ನೋಡಿದ್ಯಾ?" ಎಂದ. ನೋಡುವುದಕ್ಕೆ ಬೆರಿಲ್ ಇರಲಿಲ್ಲ. ಮಿಸ್ಟರ್ ಪಿಕಪ್ ಟೋಪಿ ತೆಗೆದು, ತಗ್ಗಿದ ದನಿಯಲ್ಲಿ ನಡೆದದ್ದನ್ನು ಹೇಳಿದರು. ಹೆಂಡತಿಗೆ ಏನಾಯಿತೋ ಎಂಬ ಭಯ ನೆವಿಲ್‌ಗೆ ಮೊದಲು ಬಂತು. ಬಸ್ಸಿಗೆ ಏನಾಗುತ್ತದೋ ಎಂಬ ಭಯ ಅದರ ಹಿಂದೆಯೇ ಬಂದು ಅದನ್ನು ದಾಟಿ ಮುಂದಕ್ಕೆ ಹೋಯಿತು. ಫೋನು ಮಾಡೋಣವೆಂದರೆ ಆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಹಿಂದಿರುಗಿ ಹೋಗೋಣವೆಂದರೆ ಅತ್ತೆ ಎದುರಿನ ಮನೆಯ ಬಾಗಿಲಲ್ಲೇ ನಿಂತಿದ್ದರು.

"ಬೆರಿಲ್ ಎಲ್ಲಿ?" ಎಂದರು.

"ಹಿಂದೆ ಬರ್ತಿದ್ದಾಳೆ," ಎಂದ. ಸುಳ್ಳೇನೂ ಅಲ್ಲ.

ಅತ್ತೆ ಯಾರಿಗೂ ಕಾಯುವವರಲ್ಲ. ಸೂಪು ಬಂತು, ಹೋಯಿತು. ಹುರಿದ ಮಾಂಸ ಬಂತು, ಹೋಯಿತು. ನೆವಿಲ್ ಕಿಟಕಿಯತ್ತಲೇ ನೋಡುತ್ತಿದ್ದ. ಕಸ್ಟರ್ಡ್ ಬಡಿಸುವಾಗ ಹೊರಗೆ ಟ್ರಾಕ್ಟರಿನ ಸದ್ದಾಯಿತು. ಅದರ ಟ್ರೈಲರಿನಿಂದ ಕುರಿಗಳ ನಡುವೆ ದಾರಿ ಮಾಡಿಕೊಂಡು ಬೆರಿಲ್ ಇಳಿದಳು. ಖಾಕಿ ಕೋಟಿನ ತುಂಬಾ ಉಣ್ಣೆ.

"ತಡವಾಗಿ ಬಂದೆ, ಬೆರಿಲ್," ಎಂದರು ತಾಯಿ. "ನಿನ್ನ ಗಂಡನೇ ಹೊತ್ತಿಗೆ ಸರಿಯಾಗಿ ಬಂದ."

ನೆವಿಲ್‌ಗೆ ಹೋದ ಜೀವ ಬಂದಂತಾಯಿತು. "ಕೇಳಿಸ್ಕೊಂಡ್ಯಾ? ಬಸ್ಸು ಒಂದು ನಿಮಿಷವೂ ತಡ ಮಾಡಲಿಲ್ಲ. ಅದರ ತಪ್ಪು ಏನಿದೆ ಹೇಳು?"

"ಏನೂ ಇಲ್ಲ," ಎಂದಳು ಬೆರಿಲ್, ಕುರ್ಚಿ ಎಳೆದುಕೊಂಡು ಕಸ್ಟರ್ಡಿಗೆ ಚಮಚ ಹಾಕುತ್ತಾ. "ಜಾಹೀರಾತಿನಲ್ಲಿ ಅದನ್ನೇ ಹಾಕೋಣ. ಒಂದು ನಿಮಿಷವೂ ತಡವಾಗದ ಬಸ್ಸು ಅಂತ. ಒಳ್ಳೇ ಬೆಲೆ ಬರುತ್ತೆ."